ಹಸನ ಮಾಡಿದ ಬೆಳಕು

"ಛಲೋ ಬಂದ್ರ ತಪ್ಪೇನಲೇ? ಹೇಳು, ಛಲೋ ಬಂದ್ರ ತಪ್ಪೇನು?"

ಜಯಮಾಲಾ ಕೈಯಲ್ಲಿದ್ದ ಸ್ಟೀಲ್ ಲೋಟವನ್ನು ಮೇಜಿಗೆ ಕುಟ್ಟಿದಳು. ಚಹಾ ಹಾರಿ ಅವಳ ಸಹಾಯಕ ಸುಶಾಂತನ ಲ್ಯಾಪ್‌ಟಾಪಿನ ಅಂಚಿಗೆ ಬಿತ್ತು. ಅವನು ಅಂಗಿಯ ತೋಳಿನಿಂದ ಒರೆಸಿದ.

"ತಪ್ಪಲ್ರಿ ಮೇಡಂ. ಆದ್ರ ಇಷ್ಟು ಛಲೋ ಬರಬಾರದು."

"ಯಾಕ ಬರಬಾರದು? ನಿಮ್ಮಪ್ಪನ ಗಂಟು ಹೋಗ್ತದೇನು?"

"ದಿನಾ ಮಧ್ಯಾಹ್ನ ಕರೆಂಟ್ ಹೋಗ್ತದ. ಎಸಿ ಬಂದ್ ಆಗ್ತದ. ನಾವಿಬ್ರೂ ಇಲ್ಲೇ ಕುಂತು ಬೆವರು ಸುರಿಸ್ತೇವಿ. ಮೇ ತಿಂಗಳದ ಬಿಸಲು ನಮಗೇ ತಡಕೊಳ್ಳಾಕ ಆಗಂಗಿಲ್ಲ. ಆ ಸ್ಫಟಿಕಕ್ಕ ಮಾತ್ರ ಏನೂ ಆಗಂಗಿಲ್ಲಂದ್ರ ಹ್ಯಾಂಗ್ರಿ?"

"ಅದಕ್ಕೇ ಅಲ್ಲೇನು ನಾ ಸರ್ಕ್ಯೂಟ್ ಕಟ್ಟಿದ್ದು? ಇಷ್ಟು ವರ್ಷ ಏನು ಕತ್ತೆ ಕಾಯಾಕತ್ತಿದ್ನೇನು?"

"ಸರ್ಕ್ಯೂಟ್ ಛಲೋ ಅದರಿ. ಆದ್ರ ಒಂದು ದಿನ, ಒಂದು ಕಂತಿನಾಗರೆ ಅಂಕಿ ಕೆಂಪು ಗೆರಿ ಕೆಳಗ ಇಳೀಬೇಕಲ್ರಿ? ಶಿವರಾತ್ರಿ ಆದ ಮ್ಯಾಲ ಒಮ್ಮಿನೂ ಇಳಿದಿಲ್ಲ."

"ಗುರುವಾರ ದಿಲ್ಲಿಯಿಂದ ಸಮಿತಿ ಬರ್ತದ. ಇವತ್ತ ಮಂಗಳವಾರ. ಇವತ್ತ ಬಂದು ಹೇಳ್ತಿ?"

"ಮೂರು ವಾರದಿಂದ ಹೇಳಾಕ ನೋಡಾಕತ್ತೇನ್ರಿ. ಬಾಯಿ ತೆಗೆದ್ರ ಒದರ್ತೀರಿ."

"ನಾ ಎಲ್ಲಿ ಒದರ್ತೇನಿ?" ಎಂದು ಜಯಮಾಲಾ ಒದರಿದಳು. ಹೊರಗೆ ಬೇವಿನ ನೆರಳಲ್ಲಿ ಕೂತಿದ್ದ ಕಾವಲುಗಾರ ಎದ್ದು ನಿಂತ.

ಸುಶಾಂತ ಎದ್ದ. ತನ್ನ ಬುತ್ತಿ ತೆಗೆದುಕೊಂಡು ಊಟಕ್ಕೆ ಮನೆಗೆ ಹೋದ. ಅವನ ಮನೆ ಅಫಜಲಪುರದಲ್ಲೇ, ಎರಡು ಓಣಿ ದಾಟಿದರೆ ಬರುತ್ತದೆ. ಬುತ್ತಿ ಕಟ್ಟಿಕೊಂಡು ಬಂದವನು ಊಟಕ್ಕೆ ಮನೆಗೆ ಹೋಗುವುದೆಂದರೆ ಅದು ಸಿಟ್ಟೇ. ಜಯಮಾಲಾಗೆ ಅದು ಗೊತ್ತಿತ್ತು.

ಅವಳು ಹವಳಗಾದವಳು. ಸಕ್ಕರೆ ಕಾರ್ಖಾನೆಯ ಹೊಗೆ ಕಾಣುವ ಸರಕಾರಿ ಶಾಲೆಯಲ್ಲಿ ಓದಿ, ಎಲ್ಲೆಲ್ಲೋ ಹೋಗಿ ಭೌತಶಾಸ್ತ್ರ ಕಲಿತು, ನಲವತ್ತೇಳನೆಯ ವಯಸ್ಸಿಗೆ ತನ್ನ ತಾಲ್ಲೂಕಿಗೇ ಪ್ರಯೋಗಾಲಯ ತಂದವಳು. ಖಾಲಿ ಬಿದ್ದಿದ್ದ ಹಳೆಯ ದೂರವಾಣಿ ಕಟ್ಟಡದ ಎರಡು ಕೋಣೆ ಬಳಿಸಿ, ಧೂಳು ಬರದಂತೆ ಬಿಗಿಸಿ, ಒಳಗೆ ಲೇಸರ್ ಇಟ್ಟಳು. "ಇಂಥಾ ಕೆಲಸ ಇಂಥಾ ಊರಾಗ ಆಗಂಗಿಲ್ಲ" ಎಂದು ಯಾರೋ ಮೀಟಿಂಗಿನಲ್ಲಿ ಹೇಳಿದ್ದರು. ಅವಳು ಅಲ್ಲೇ ಎದ್ದು ನಿಂತು, "ನೀವು ಬಂದು ನೋಡೀರೇನ್ರಿ ಆ ಊರು?" ಎಂದು ಕೇಳಿದ್ದಳು. ಮನಸ್ಸಿನಲ್ಲಿ ಬಂದದ್ದನ್ನು ಮುಖಕ್ಕೇ ಹೇಳುವುದು ಅವಳ ಸ್ವಭಾವ. ಅದರಿಂದ ಅವಳಿಗೆ ಬಹಳ ಶತ್ರುಗಳಾಗಿದ್ದರು, ಆದರೆ ಸುಳ್ಳುಗಾರ್ತಿ ಎಂದು ಒಬ್ಬರೂ ಅಂದಿರಲಿಲ್ಲ.

ಅವಳ ಕೆಲಸ ಹೀಗಿತ್ತು. ಲೇಸರಿನ ಬೆಳಕು ಒಂದು ಸ್ಫಟಿಕದೊಳಗೆ ಹೋದರೆ, ಹೊರಗೆ ಜೋಡಿ ಬೆಳಕು ಬರುತ್ತದೆ. ಅವಳಿ ಮಕ್ಕಳಂತೆ ಹುಟ್ಟುವ ಈ ಎರಡರ ನಡುವೆ ಒಂದು ನಂಟು ಇರುತ್ತದೆ. ಹೆಣೆದ ಬೆಳಕು ಎಂದು ಅದಕ್ಕೇ ಹೆಸರು. ಒಂದನ್ನು ಗಾಜಿನ ತಂತಿಯಲ್ಲಿ ಆಳಂದಕ್ಕೆ ಕಳಿಸುತ್ತಾರೆ, ಇನ್ನೊಂದನ್ನು ಜೇವರ್ಗಿಗೆ. ಎರಡೂ ಕಡೆ ಒಂದೊಂದು ಯಂತ್ರ ಬಂದ ಬೆಳಕನ್ನು ಅಳೆದು 'ಮೇಲೆ' ಅಥವಾ 'ಕೆಳಗೆ' ಎಂದು ಬರೆಯುತ್ತದೆ. ಆಳಂದದ್ದೊಂದನ್ನೇ ನೋಡಿದರೆ ತಲೆ ಬುಡ ಇಲ್ಲ. ಜೇವರ್ಗಿಯದೊಂದನ್ನೇ ನೋಡಿದರೂ ಅಷ್ಟೇ. ಎರಡನ್ನೂ ಮಗ್ಗುಲಲ್ಲಿಟ್ಟರೆ ಮಾತ್ರ ಹೊಂದಿಕೆ ಕಾಣುತ್ತದೆ. ಸಾಮಾನ್ಯ ಬೆಳಕಿನಿಂದ ಎಂದೂ ಬರದಷ್ಟು ಹೊಂದಿಕೆ. ಮುಂದೊಂದು ದಿನ ಯಾರೂ ಕದಿಯಲಾರದಂತೆ ಗುಟ್ಟು ಕಳಿಸಲು, ಹೊಸ ಬಗೆಯ ಕಂಪ್ಯೂಟರುಗಳನ್ನು ಒಂದಕ್ಕೊಂದು ಜೋಡಿಸಲು ಈ ಬೆಳಕು ಬೇಕು.

ತೊಂದರೆ ಏನೆಂದರೆ, ದೂರ ಹೋದಷ್ಟೂ ಬೆಳಕು ಕುಂದುತ್ತದೆ. ಕುಂದಿದ್ದನ್ನು ಹೆಚ್ಚಿಸಲು ಮಾಮೂಲಿ ಯಂತ್ರ ಹಾಕಿದರೆ ಅದು ತನ್ನ ಗದ್ದಲವನ್ನೂ ಸೇರಿಸಿ, ನಂಟನ್ನು ಗುಂಪಿನಲ್ಲಿ ಕಳೆದುಬಿಡುತ್ತದೆ. ಜಯಮಾಲಾ ಬೇರೆ ದಾರಿ ಹಿಡಿದಿದ್ದಳು. ಜೋಡಿ ಬೆಳಕು ತಂತಿಗೆ ಇಳಿಯುವ ಮೊದಲೇ ಅದನ್ನು ಎರಡನೆಯ ಸ್ಫಟಿಕದಲ್ಲಿ ಹಾಯಿಸಿ, ಅದೇ ಲೇಸರಿನಿಂದ, ಅದೇ ಹೆಜ್ಜೆಗೆ ಹೆಚ್ಚಿಸುವುದು. ಪಂಚಮಿಯ ಜೋಕಾಲಿ ಇದ್ದಂತೆ. ಸರಿಯಾದ ಹೊತ್ತಿಗೆ ನೂಕಿದರೆ ಮೇಲೆ ಹೋಗುತ್ತದೆ, ತಪ್ಪು ಹೊತ್ತಿಗೆ ನೂಕಿದರೆ ನಿಂತೇ ಹೋಗುತ್ತದೆ. ಹೆಜ್ಜೆ ತಪ್ಪದಂತೆ ಕಾಯುವ ಸರ್ಕ್ಯೂಟ್ ಅವಳದೇ. ಎಂಥ ಬಿಸಿಲಲ್ಲೂ ಹೆಜ್ಜೆ ತಪ್ಪುವುದಿಲ್ಲ ಎಂದು ಅವಳು ದಿಲ್ಲಿಗೆ ಬರೆದು ಕಳಿಸಿದ್ದಳು. ಅದು ನಿಜವಾದರೆ ಅಫಜಲಪುರದಲ್ಲಿ ಕಾಯಂ ಕೇಂದ್ರ. ಸುಳ್ಳಾದರೆ ಲೇಸರ್ ಲಾರಿ ಹತ್ತುತ್ತದೆ.

ಪರದೆಯ ಮೇಲೆ ಒಂದು ಕೆಂಪು ಗೆರೆ ಇತ್ತು. ಹೊಂದಿಕೆ ಅದರ ಮೇಲಿದ್ದರೆ ನಂಟು ಉಳಿದಿದೆ ಎಂದರ್ಥ, ಕೆಳಗಿದ್ದರೆ ಹೋಯಿತು ಎಂದರ್ಥ. ಮೂರು ತಿಂಗಳ ನೀಲಿ ಚುಕ್ಕೆಗಳೆಲ್ಲ ಗೆರೆಯ ಮೇಲೇ ಸಾಲಾಗಿ ಕೂತಿದ್ದವು. ಜಯಮಾಲಾ ಆ ಸಾಲನ್ನು ನೋಡುತ್ತಾ ಕೂತಳು. ಎಷ್ಟು ಸಲ ನೋಡಿ ಖುಷಿಪಟ್ಟಿದ್ದಳೋ, ಈಗ ಅದೇ ಸಾಲು ಕಟ್ಟಿಸಿದ ಹಲ್ಲಿನಂತೆ ಕಂಡಿತು.

ಸುಶಾಂತ ಹೇಳಿದ್ದು ಸರಿ ಎಂದು ಅವಳ ಮನಸ್ಸಿಗೆ ಗೊತ್ತಾಗಿತ್ತು. ಬಾಯಿ ಮಾತ್ರ ಒಪ್ಪಿರಲಿಲ್ಲ.

ಎದ್ದು ಒಳಗಿನ ಕೋಣೆಗೆ ಹೋದಳು. ಆಳಂದದ ತಂತಿಯ ಬಾಯಿಗೆ ಕರಿಯ ಮುಚ್ಚಳ ಹಾಕಿ ತಿರುವಿದಳು. ಈಗ ಆಳಂದಕ್ಕೆ ಬೆಳಕೇ ಹೋಗುವುದಿಲ್ಲ. ಬೆಳಕು ಬರದಿದ್ದರೂ ಆಳಂದದ ಯಂತ್ರ ತನ್ನೊಳಗಿನ ನಡುಕವನ್ನೇ ಅಳೆದು ಮೇಲೆ, ಕೆಳಗೆ ಎಂದು ಬರೆಯುತ್ತಲೇ ಇರುತ್ತದೆ. ಆದರೆ ಅದು ಜೇವರ್ಗಿಯದಕ್ಕೆ ಹೊಂದುವುದಿಲ್ಲ. ಹೊಂದಲು ಕಾರಣವೇ ಇಲ್ಲ. ಮುಂದಿನ ಚುಕ್ಕೆ ಕೆಂಪು ಗೆರೆಯ ಕೆಳಗೆ ಬಿದ್ದೇ ಬೀಳಬೇಕು.

ಅಳೆದ ಅಂಕಿಗಳು ಅರ್ಧ ತಾಸಿಗೊಂದು ಕಂತಿನಂತೆ ಎರಡೂ ಊರುಗಳಿಂದ ಬರುತ್ತಿದ್ದವು, ಕಂತಿಗೊಂದು ಚುಕ್ಕೆ. ಅವಳು ಕಾದಳು. ಬೀಳಲಿ ದೇವರೇ ಎಂದುಕೊಂಡಳು. ಮೂರು ತಿಂಗಳಲ್ಲಿ ಮೊದಲ ಸಲ ಚುಕ್ಕೆ ಬೀಳಲಿ ಎಂದು ಬೇಡಿಕೊಂಡಳು.

ಕಂತು ಬಂತು. ಚುಕ್ಕೆ ಗೆರೆಯ ಮೇಲೆ ಕೂತಿತು.

ಮುಚ್ಚಳ ಸಡಿಲಾಗಿದೆಯೇ ಎಂದು ಓಡಿ ಹೋಗಿ ನೋಡಿದಳು. ಬಿಗಿಯಾಗಿಯೇ ಇತ್ತು. ಮತ್ತೆ ಕಾದಳು. ಮತ್ತೊಂದು ಚುಕ್ಕೆ, ಮೊದಲಿನದರ ಮಗ್ಗುಲಿಗೇ. ಆಳಂದಕ್ಕೆ ಬೆಳಕಿನ ಒಂದು ಕಣವೂ ಹೋಗಿರಲಿಲ್ಲ. ಆದರೂ ಆಳಂದವೂ ಜೇವರ್ಗಿಯೂ ಹೊಂದಿಕೊಂಡೇ ಇದ್ದವು.

ಸುಶಾಂತ ಊಟ ಮುಗಿಸಿ ಬಂದಾಗ ಅವಳು ಕುರ್ಚಿಯಲ್ಲಿ ಕೈ ಚೆಲ್ಲಿ ಕೂತಿದ್ದಳು.

"ಮುಚ್ಚಳ ಹಾಕೇನಿ," ಎಂದಳು. "ಆದ್ರೂ ಬರಾಕತ್ತದ."

ಸುಶಾಂತ ಪರದೆ ನೋಡಿದ. "ಅಂದ್ರ ಇಲ್ಲಿಂದಲ್ರಿ. ಆ ಕಡೆಯಿಂದ."

"ಆ ಕಡೆಯಿಂದ ಹ್ಯಾಂಗ? ಆಳಂದದ ಮಶೀನ ನೋಡ್ಕೊಳ್ಳೂ ನಸ್ರೀನಗ ಏನು ಲಾಭ? ಜೇವರ್ಗಿಯ ಗುರುಪಾದಗ ಏನು ಲಾಭ?"

"ಫೋನ್ ಮಾಡಿ ಕೇಳ್ರಿ."

"ಬ್ಯಾಡ," ಎಂದಳು ಜಯಮಾಲಾ. "ಫೋನ್ ಮಾಡಿದ್ರ ನಾ ಒದರ್ತೇನಿ."

ಮುಚ್ಚಳ ತೆಗೆದು ಬೆಳಕು ಮತ್ತೆ ಬಿಟ್ಟಳು. ಮರುದಿನ ಬೆಳಿಗ್ಗೆ ಜೀಪು ತೆಗೆದುಕೊಂಡು ಯಾರಿಗೂ ಹೇಳದೆ ಜೇವರ್ಗಿಗೆ ಹೊರಟಳು. ಗಾಣಗಾಪುರದ ಹತ್ತಿರ ದತ್ತನ ದರ್ಶನಕ್ಕೆ ಬಂದವರ ಗಾಡಿಗಳು ರಸ್ತೆ ತುಂಬಾ ನಿಂತಿದ್ದವು. ಅವಳು ಹಾರ್ನ್ ಹೊಡೆಯಲಿಲ್ಲ. ದಾರಿ ಬಿಡುವ ತನಕ ಸುಮ್ಮನೆ ಕೂತಳು. ಬೇಗ ಮುಟ್ಟುವುದು ಅವಳಿಗೇ ಬೇಡವಾಗಿತ್ತು. ಭೀಮೆಯ ಸೇತುವೆ ದಾಟುವಾಗ ಕೆಳಗೆ ಬರೀ ಉಸುಕು ಕಂಡಿತು, ನಡುವೆ ಒಂದಿಷ್ಟು ನೀರು. ಆ ಇಬ್ಬರೂ ಕೆಟ್ಟವರಲ್ಲ ಎಂದು ತನಗೇ ಹೇಳಿಕೊಂಡಳು. ಯಂತ್ರದ್ದೇ ಏನೋ ತಪ್ಪಿರಬೇಕು. ಯಂತ್ರದ್ದೇ ಇರಲಿ.

ಜೇವರ್ಗಿಯ ಕೋಣೆ ಬೀಜ ಗೊಬ್ಬರದ ಅಂಗಡಿಯ ಮೇಲಿತ್ತು. ಸೆಕೆಗೆ ಬಾಗಿಲು ತೆರೆದಿತ್ತು. ಮೆಟ್ಟಿಲು ಹತ್ತುವಾಗಲೇ ಗುರುಪಾದನ ದನಿ ಕೇಳಿಸಿತು. ಅವನ ಮೊಬೈಲು ನೀರಿನ ಬಾಟಲಿಗೆ ಒರಗಿ ಸ್ಪೀಕರಿನಲ್ಲಿತ್ತು, ಆ ಕಡೆ ಆಳಂದದ ನಸ್ರೀನ.

"ನಂದು ಕಳಿಸ್ದೆ ನೋಡು ಅಣ್ಣಾ. ಮಗ್ಗಲಿಗಿಟ್ಟಿ?"

"ಇಟ್ಟೆ ಇಟ್ಟೆ. ಹೊಂದಲಾರದ್ದು ಭಾಳ ಅದಾವವಾ ಇವತ್ತೂ."

"ಯಾ ಅಲ್ಲಾ. ನಿನ್ನಿ ಅಂತೂ ಬರೋಬ್ಬರಿ ಅರ್ಧಕ್ಕರ್ಧ ಹಾಳಿದ್ವು. ತೆಗಿ ತೆಗಿ. ಕಡಿಮಿ ಬಿದ್ದದ್ದು ಮತ್ತ ಅಳದು ಸೇರಸೋಣ."

"ತೆಗ್ಯಾಕತ್ತೇನಿ."

"ಎಲ್ಲಾ ತೆಗೀಬ್ಯಾಡ. ಒಂದೀಟು ಇರಲಿ. ಎಷ್ಟು ಹಸನ ಮಾಡಿದ್ರೂ ಒಂದೆರಡು ಕಲ್ಲು ಉಳೀತಾವಲ್ಲ."

"ನೀ ಏನವಾ, ನನಗೇ ಹಸನ ಮಾಡೂದು ಕಲಸ್ತಿ," ಗುರುಪಾದ ನಕ್ಕ. "ಇವತ್ತ ದುರಗಮ್ಮ ಇನ್ನೂ ಫೋನ್ ಮಾಡಿಲ್ಲ. ಶಾಂತ ಇದ್ದಾಳ ಕಾಣ್ತದ."

"ಶಾಂತ ಇದ್ರ ನನಗ ಇನ್ನೂ ಅಂಜಿಕಿ ಅಣ್ಣಾ."

"ದುರಗಮ್ಮ ಬಂದಾಳ," ಎಂದಳು ಜಯಮಾಲಾ ಬಾಗಿಲಲ್ಲಿ ನಿಂತು.

ಗುರುಪಾದ ಎದ್ದ ರಭಸಕ್ಕೆ ಬಾಟಲಿ ಉರುಳಿತು, ಮೊಬೈಲು ನೆಲಕ್ಕೆ ಬಿತ್ತು. ನೆಲದಿಂದಲೇ ನಸ್ರೀನಳ ದನಿ, "ಏನಾತು ಅಣ್ಣಾ? ಯಾರು ಬಂದ್ರು?" ಎಂದು ಕೇಳಿತು.

ಜಯಮಾಲಾ ಬಗ್ಗಿ ಮೊಬೈಲು ಎತ್ತಿಕೊಂಡಳು. "ನಾ ಬಂದೇನವಾ ನಸ್ರೀನ. ಫೋನ್ ಇಡಬ್ಯಾಡ. ಇಬ್ರೂ ಕೇಳ್ರಿ. ಏನು ಮಾಡಾಕತ್ತೀರಿ ನೀವು?"

ಗುರುಪಾದ ಕಂಪ್ಯೂಟರಿನ ಕಡೆ ಕೈ ತೋರಿಸಿದ. ಎರಡು ಅಂಕಣಗಳಿದ್ದವು, ಎಡಕ್ಕೆ ಆಳಂದ, ಬಲಕ್ಕೆ ಜೇವರ್ಗಿ. ಒಂದಕ್ಕೊಂದು ಹೊಂದದ ಸಾಲುಗಳಿಗೆ ಹಳದಿ ಬಣ್ಣ ಹಚ್ಚಿತ್ತು. ಹಳದಿಯದನ್ನೆಲ್ಲ ಅಳಿಸಿ, ಉಳಿದದ್ದಕ್ಕೆ ಹೊಸ ಕ್ರಮಸಂಖ್ಯೆ ಕೊಟ್ಟು, ಇಬ್ಬರೂ ತಮ್ಮ ತಮ್ಮ ಅರ್ಧವನ್ನು ಅಫಜಲಪುರಕ್ಕೆ ಕಳಿಸುತ್ತಿದ್ದರು.

"ಕೆಟ್ಟದ್ದು ಮಾಡಬೇಕಂತ ಮಾಡಿಲ್ರಿ ಮೇಡಂ," ಎಂದ ಗುರುಪಾದ. "ಮನ್ಯಾಗ ತೊಗರಿ ಅಡತಿ ಅಂಗಡಿಗೆ ಮಾರಾಕ ಒಯ್ಯೂ ಮುಂದ ಹಸನ ಮಾಡೇ ಒಯ್ತೇವಿ. ಕಲ್ಲು ಕಸರು ಸಹಿತ ಒಯ್ದು ಸುರುವಿದ್ರ ಮಾಲಿಗೂ ಮರ್ಯಾದಿ ಇಲ್ಲ, ತಂದವರಿಗೂ ಮರ್ಯಾದಿ ಇಲ್ಲ. ಇದೂ ಹಂಗೇ ಅಂತ ತಿಳಕೊಂಡ್ವಿ. ಹೊಂದದ್ದು ಮಶೀನಿನ ಕಸ ಅಂತ ತಿಳಕೊಂಡ್ವಿ."

"ಅದು ಕಸ ಅಲ್ಲೋ!" ಜಯಮಾಲಾಳ ದನಿ ಏರಿತು. ಗುರುಪಾದನ ಭುಜ ಒಳಗೆ ಸರಿದದ್ದನ್ನು ನೋಡಿ ಅವಳು ತಡೆದುಕೊಂಡಳು. ಉಗುಳು ನುಂಗಿ ನಿಧಾನ ಹೇಳಿದಳು. "ನೀ ಇಲ್ಲಿ ರೂಪಾಯಿ ಚಿಮ್ಮು. ಆಕಿ ಆಳಂದದಾಗ ಚಿಮ್ಮಲಿ. ನಿನಗ ರಾಜಾ ಬಿದ್ದು ಆಕಿಗಿ ರಾಣಿ ಬಿದ್ದದ್ದೆಲ್ಲಾ ತೆಗೆದುಬಿಡ್ರಿ. ಏನು ಉಳೀತದ?"

"ಒಂದೇ ನಮೂನಿ ಬಿದ್ದದ್ದು."

"ಆಗ ಎರಡು ರೂಪಾಯಿಗೂ ನಂಟು ಅದ ಅನ್ನಾಕ ಬರ್ತದೇನು?"

ಫೋನಿನಲ್ಲಿ ನಸ್ರೀನ, "ಹಾಯ್ ಅಲ್ಲಾ," ಎಂದಳು ಮೆಲ್ಲಗೆ.

"ತೆಗೆದದ್ದು ಎಲ್ಲಿ ಅದ?"

"ಎಲ್ಲೂ ಇಲ್ರಿ," ಎಂದ ಗುರುಪಾದ. "ಮಶೀನ್ದಾಗ ಒಂದು ದಿನದ್ದಷ್ಟೇ ಉಳೀತದ. ಮರುದಿನ ಅದರ ಮ್ಯಾಲೇ ಬರೀತದ."

ಅಂದರೆ ಮೂರು ತಿಂಗಳ ನಿಜ ಎಲ್ಲೂ ಉಳಿದಿಲ್ಲ. ಅವಳ ಸ್ಫಟಿಕ ಹೆಜ್ಜೆ ತಪ್ಪಿತೋ ಇಲ್ಲವೋ, ನಂಟು ಉಳಿಯಿತೋ ಇಲ್ಲವೋ, ಹೇಳಲು ಯಾರಿಂದಲೂ ಸಾಧ್ಯವಿಲ್ಲ. ಹಸನಾದ ಅಂಕಿಗಳು ಮಾತ್ರ ದಿಲ್ಲಿಯ ಮೇಜಿನ ಮೇಲೆ ಕೂತಿವೆ, ಕೆಳಗೆ ಅವಳ ಸಹಿ ಇದೆ.

"ಯಾವಾಗಿಂದ?"

ನಸ್ರೀನ ಹೇಳಿದಳು. "ಶಿವರಾತ್ರಿ ಮರುದಿನದಿಂದ್ರಿ. ಅವತ್ತ ನಂದು ಭಾಳ ಕೆಟ್ಟು ಬಂದಿತ್ತು. ನೀವು ಫೋನ್ ಮಾಡಿ ಒದರಿದ್ರಿ. ಕಣ್ಣು ಹೋಗ್ಯಾವೇನು, ಕೈಯಾಗ ಏನು ಲಕ್ವಾ ಹೊಡದದೇನು ಅಂದ್ರಿ. ಅಮ್ಮಿ ಮಗ್ಗಲಾಗೇ ಕುಂತಿದ್ಳು, ಎಲ್ಲಾ ಕೇಳಿದ್ಳು. ಅವತ್ತ ಗುರುಪಾದಣ್ಣಗ ಫೋನ್ ಮಾಡಿ ಅತ್ತೆ. ಅಣ್ಣ ಅಂದ, ಅಳಬ್ಯಾಡವಾ, ಇಬ್ರೂ ಕೂಡಿ ಹಸನ ಮಾಡಿ ಕೊಡೋಣ, ಆಕಿ ಯಾಕ ಒದರ್ತಾಳ ನೋಡೋಣ ಅಂತ."

ಜಯಮಾಲಾಗೆ ಆ ದಿನ ನೆನಪೇ ಇರಲಿಲ್ಲ. ಒದರಿದ ದಿನಗಳು ಎಷ್ಟೋ.

"ಆಮ್ಯಾಲ ನೀವು ಒದರಲೇ ಇಲ್ರಿ," ಎಂದ ಗುರುಪಾದ. "ಒಮ್ಮಿ ಪೇಢೆ ಸಹಿತ ಕಳಿಸಿದ್ರಿ."

ಅವಳು ಕುರ್ಚಿ ಎಳೆದುಕೊಂಡು ಕೂತಳು. ಕೆಳಗೆ ಅಂಗಡಿಯಲ್ಲಿ ಯಾರೋ ಹತ್ತಿಬೀಜದ ದರ ಕೇಳುತ್ತಿದ್ದರು.

"ನಾಳೆ ಸಮಿತಿ ಬರ್ತದ," ಎಂದಳು. "ನಾಳೆ ಹ್ಯಾಂಗ ಬರ್ತದೋ ಹಂಗ ಕೊಡ್ರಿ. ಕಲ್ಲು ಸಹಿತ, ಕಸ ಸಹಿತ. ಒಂದು ಸಾಲೂ ಮುಟ್ಟಬ್ಯಾಡ್ರಿ. ನಿಮ್ಮ ನಿಮ್ಮೊಳಗ ಫೋನ್ ಬ್ಯಾಡ. ಎಷ್ಟು ಕೆಟ್ಟು ಬಂದ್ರೂ ನಾ ಒದರೂದಿಲ್ಲ."

"ಖರೇನ್ರಿ?" ಎಂದಳು ನಸ್ರೀನ.

"ಖರೇನ. ನಮ್ಮವ್ವನಾಣಿ."

ಸಂಜೆ ಅಫಜಲಪುರಕ್ಕೆ ತಿರುಗಿ ಬಂದು ಸುಶಾಂತನಿಗೆ ಎಲ್ಲವನ್ನೂ ಹೇಳಿದಳು. ಅವನು ಬೈಯುತ್ತಾನೆ, ಇಲ್ಲವೇ 'ನಾ ಹೇಳಿದ್ದಿಲ್ಲೇನ್ರಿ' ಎನ್ನುತ್ತಾನೆ ಎಂದುಕೊಂಡಿದ್ದಳು. ಅವನು ಎರಡನ್ನೂ ಮಾಡಲಿಲ್ಲ.

"ಸಮಿತಿಯವರಿಗೆ ಹೇಳಬೇಕ್ರಿ."

"ಹೇಳ್ತೇನಿ."

"ಮೊದಲಿಗೇ ಹೇಳ್ರಿ. ಚಹಾ ಕುಡಿಯೂದಕ್ಕಿಂತ ಮೊದಲ. ಆಮ್ಯಾಲ ಆಗಂಗಿಲ್ಲ."

"ನನಗ ಹೇಳಿಕೊಡ್ತಿಯೇನಲೇ? ನಾ ಯಾರಿಗೆ ಏನು ಹೇಳಾಕ ಅಂಜೇನಿ ಇಲ್ಲೀತನಾ?"

"ಅಂಜಿಲ್ರಿ," ಎಂದ ಸುಶಾಂತ. "ಆದ್ರ ಇಲ್ಲೀತನಾ ಬ್ಯಾರೆಯವರ ತಪ್ಪು ಹೇಳೀರಿ. ಆ ಅಂಕಿಯ ಕೆಳಗ ನನ್ನ ಹೆಸರೂ ಅದರಿ ಮೇಡಂ. ಅದಕ್ಕ ಹೇಳಾಕತ್ತೇನಿ."

ಗುರುವಾರ ಸಮಿತಿಯ ಮೂವರು ಬಂದರು. ಅಧ್ಯಕ್ಷರು ವಯಸ್ಸಾದವರು, ಧಾರವಾಡದ ಕಡೆಯವರು, ಮೃದು ಮಾತಿನವರು. ಕಾರಿನಿಂದ ಇಳಿಯುತ್ತಲೇ, "ಏನು ಬಿಸಲ್ರಿ ನಿಮ್ಮೂರಾಗ! ಇಂಥಾ ಬಿಸಲಾಗ ಇಂಥಾ ಅಂಕಿ ತಗದೀರಂದ್ರ ನಿಮಗ ಕೈ ಮುಗೀಬೇಕು," ಎಂದು ನಿಜವಾಗಿಯೂ ಕೈ ಮುಗಿದರು. ಜಯಮಾಲಾ ಬಾಯಿ ತೆರೆದಳು. ಅಷ್ಟರಲ್ಲಿ ಕಾವಲುಗಾರ ಚಹಾ ತಂದ.

ಸುಶಾಂತ ಅವಳನ್ನೇ ನೋಡುತ್ತಿದ್ದ. ಚಹಾ ಮುಗಿಯಿತು.

"ಹಳೇ ಅಂಕಿ ಪಕ್ಕಕ್ಕಿಡ್ರಿ ಸರ್," ಎಂದಳು ಜಯಮಾಲಾ. "ಅದರಾಗ ಸ್ವಲ್ಪ ನೋಡೂದದ. ಇವತ್ತಿಂದು ನಿಮ್ಮ ಕಣ್ಣ ಮುಂದ ನೋಡ್ರಿ."

"ಸ್ವಲ್ಪ ಅಂದ್ರ?"

"ಸ್ವಲ್ಪ ತಪ್ಪದ. ಆಮ್ಯಾಲ ಹೇಳ್ತೇನಿ."

ಆಮೇಲೆ ಎಂಬ ಮಾತು ಕೇಳಿ ಸುಶಾಂತ ತಲೆ ತಗ್ಗಿಸಿದ.

ಮೊದಲ ಕಂತು ಬಂತು. ಚುಕ್ಕೆ ಗೆರೆಗಿಂತ ಮೇಲಿತ್ತು. ಹಿಂದಿನಷ್ಟು ಎತ್ತರವಲ್ಲ, ಕೂದಲೆಳೆಯಷ್ಟು ಮೇಲೆ. ಎರಡನೆಯದು ಸ್ವಲ್ಪ ಕೆಳಗೆ ಸರಿಯಿತು, ಆದರೂ ಗೆರೆಯ ಮೇಲೆಯೇ ಇತ್ತು. ಮೂರನೆಯದೂ ಹಾಗೆಯೇ. ವಕ್ರ ವಕ್ರ, ಒಂದು ಎತ್ತರ ಒಂದು ತಗ್ಗು, ಸಾಲು ಕೆಟ್ಟಿತ್ತು. ಆದರೆ ನಿಜವಾಗಿತ್ತು. ಹೆಚ್ಚಿಸಿದ ಮೇಲೂ ನಂಟು ಉಳಿದಿತ್ತು. ಅವಳ ಸ್ಫಟಿಕ ಸುಳ್ಳಾಡಿರಲಿಲ್ಲ. ಜಯಮಾಲಾ ಸುಶಾಂತನ ಕಡೆ ನೋಡಿದಳು. ಅವನ ಮುಖದಲ್ಲಿ ಎಷ್ಟೋ ದಿನಗಳ ನಂತರ ನಗು ಬಂದಿತ್ತು. ಇಷ್ಟು ಸಾಕು ಎಂದುಕೊಂಡಳು. ಇದನ್ನು ಹಿಡಿದುಕೊಂಡು ಹಳೆಯದನ್ನೆಲ್ಲ ಹೇಳಿಬಿಡಬಹುದು. ಊಟಕ್ಕೆ ಏಳುವ ಮೊದಲು ಹೇಳಿಬಿಡುತ್ತೇನೆ.

"ಹಿಂದಿನಷ್ಟು ಇಲ್ಲಲ್ರಿ?" ಎಂದರು ಅಧ್ಯಕ್ಷರು ಕನ್ನಡಕ ಸರಿಪಡಿಸಿಕೊಂಡು.

"ಆದ್ರ ಗೆರಿ ಮ್ಯಾಲ ಅದರಿ ಸರ್. ಅದ ನೋಡ್ರಿ."

ಆಗ ಕರೆಂಟ್ ಹೋಯಿತು. ಎಸಿ ಗೊರ್ ಎಂದು ನಿಂತಿತು. ಇನ್ವರ್ಟರಿನ ಮೇಲೆ ಲೇಸರ್ ನಡೆಯುತ್ತಿತ್ತು, ಕಂಪ್ಯೂಟರ್ ನಡೆಯುತ್ತಿತ್ತು, ಎಸಿ ನಡೆಯುತ್ತಿರಲಿಲ್ಲ. ಕೋಣೆ ಕಾಯತೊಡಗಿತು. ಸಮಿತಿಯವರು ಕರವಸ್ತ್ರ ತೆಗೆದರು. ಮುಂದಿನ ಚುಕ್ಕೆ ಕೆಂಪು ಗೆರೆಯ ಕೆಳಗೆ ಬಿತ್ತು. ಅದರ ಮುಂದಿನದು ಇನ್ನೂ ಕೆಳಗೆ. ಅವಳ ಸರ್ಕ್ಯೂಟ್ ಬಿಸಿಲಿಗೆ ಹೆಜ್ಜೆ ತಪ್ಪಿತ್ತು.

"ಇದು ಬಿಸಲಿಗೆ ತಡೀತದ ಅಂತ ಅಲ್ಲೇನ್ರಿ ನೀವು ಬರದದ್ದು?" ಎಂದರು ಅಧ್ಯಕ್ಷರು, ಬೈಯುವ ದನಿಯಲ್ಲಲ್ಲ, ಕನಿಕರದಿಂದ.

ಆ ಕನಿಕರ ಜಯಮಾಲಾಳ ನೆತ್ತಿಗೇರಿತು. ಮೇಜಿನ ಮೇಲಿದ್ದ ಫೋನು ಅವಳ ಕೈಗೆ ಯಾವಾಗ ಬಂತೋ ತಿಳಿಯಲಿಲ್ಲ.

"ನಸ್ರೀನ! ಏನ್ ಮಾಡಾಕತ್ತಿ ಬೇ ಅಲ್ಲಿ? ನಿದ್ದಿ ಹೊಡ್ಯಾಕತ್ತಿಯೇನು? ಇವತ್ತೊಂದಿನರೆ ಮಾನ ಉಳಿಸೂದು ಬ್ಯಾಡೇನು? ಎಲ್ಲಾ ಮಣ್ಣಾಗ ಹಾಕಿದ್ರಿ ಇಬ್ರೂ ಕೂಡಿ!"

ಆ ಕಡೆಯಿಂದ ಸಣ್ಣ ದನಿಯಲ್ಲಿ, "ಆತ್ರಿ ಮೇಡಂ," ಎಂದು ನಸ್ರೀನ ಫೋನಿಟ್ಟಳು.

ಸಮಿತಿಯವರು ಬೇರೆ ಕಡೆ ನೋಡಿದರು. ಸುಶಾಂತ ಎರಡೂ ಅಂಗೈಗಳಿಂದ ಮುಖ ಒರೆಸಿಕೊಂಡ.

ಅರ್ಧ ತಾಸು ಕಳೆಯಿತು. ಎಸಿ ಬಂದ್ ಇತ್ತು. ಗೋಡೆಯ ಮೇಲಿನ ಉಷ್ಣಮಾಪಕ ಏರುತ್ತಲೇ ಇತ್ತು. ಮುಂದಿನ ಕಂತು ಬಂತು.

ಚುಕ್ಕೆ ಗೆರೆಯ ಮೇಲೆ ಕೂತಿತು. ಬೆಳಗಿನ ಚುಕ್ಕೆಗಳಿಗಿಂತ ಎತ್ತರಕ್ಕೆ, ಮೂರು ತಿಂಗಳ ಹಳೆಯ ಸಾಲಿನ ಎತ್ತರಕ್ಕೆ.

"ಅರೇ," ಎಂದರು ಅಧ್ಯಕ್ಷರು, ಕುರ್ಚಿಯಲ್ಲಿ ಮುಂದೆ ಸರಿದು. "ಸುಧಾರಿಸ್ತಲ್ರಿ! ಎಸಿ ಇಲ್ಲದೇನ ಸುಧಾರಿಸ್ತು!"

ಜಯಮಾಲಾ ಆಳಂದಕ್ಕೆ ಫೋನ್ ಮಾಡಿದಳು. ಬಿಜಿ ಇತ್ತು. ಜೇವರ್ಗಿಗೆ ಮಾಡಿದಳು. ಅದೂ ಬಿಜಿ ಇತ್ತು.

ಫೋನನ್ನು ಮೇಜಿನ ಮೇಲೆ ಬೋರಲು ಹಾಕಿದಳು. ಸುಶಾಂತನಿಗೂ ಗೊತ್ತಾಗಿತ್ತು. ಎಸಿ ಇನ್ನೂ ಶುರುವಾಗಿರಲಿಲ್ಲ, ಸ್ಫಟಿಕ ಇನ್ನೂ ಕಾದೇ ಇತ್ತು. ಈ ಚುಕ್ಕೆ ಬೆಳಕಿನಿಂದ ಬಂದದ್ದಲ್ಲ. ಅವನು ಅವಳ ಮುಖ ನೋಡುತ್ತಾ ಕಾದ. ಒಂದು ಮಾತು ಸಾಕಾಗಿತ್ತು. ಇಡೀ ಜನ್ಮ ಅಂಥ ಮಾತುಗಳನ್ನೇ ಆಡಿದವಳು ಅವಳು, ಮಂತ್ರಿಗಳ ಮುಂದೆ, ಕುಲಪತಿಗಳ ಮುಂದೆ, ಸ್ವಂತ ಅತ್ತೆಯ ಮುಂದೆ.

"ಇದು ನಿಮ್ಮ ಸರ್ಕ್ಯೂಟಿನ ಕೆಲಸ ಅಲ್ಲೇನ್ರಿ?" ಅಧ್ಯಕ್ಷರು ಕೇಳಿದರು. "ಮೊದಲ ತಪ್ಪಿತು, ಆಮ್ಯಾಲ ತಾನೇ ಹಿಡಕೊಂಡು ಸರಿ ಮಾಡ್ಕೊಂಡ್ತು. ಹೌದಲ್ಲ?"

ಬೆಳಗಿನ ಮೂರು ವಕ್ರ ಚುಕ್ಕೆಗಳು ಪರದೆಯ ಎಡಕ್ಕೆ ಇನ್ನೂ ಕಾಣುತ್ತಿದ್ದವು.

"ಹೌದ್ರಿ," ಎಂದಳು ಜಯಮಾಲಾ.

ಅಧ್ಯಕ್ಷರು ಮಗ್ಗುಲಿನವರಿಗೆ ಏನೋ ಹೇಳಿ ನಕ್ಕರು. ಸುಶಾಂತ ಎದ್ದ. ಲ್ಯಾಪ್‌ಟಾಪನ್ನು ಮುಚ್ಚಲಿಲ್ಲ, ಪರದೆಯನ್ನು ಸಮಿತಿಯವರ ಕಡೆ ಸ್ವಲ್ಪ ತಿರುಗಿಸಿಟ್ಟ. ಬಾಗಿಲ ಹತ್ತಿರದ ಗೂಟಕ್ಕೆ ನೇತುಹಾಕಿದ್ದ ಬುತ್ತಿಯ ಚೀಲ ತೆಗೆದುಕೊಂಡ.

"ಎಲ್ಲಿ ಹೊಂಟಿಲೇ?" ಎಂದಳು ಜಯಮಾಲಾ.

ಅವನು ಬಾಗಿಲನ್ನು ಹಿಂದೆ ಮೆಲ್ಲಗೆ ಎಳೆದುಕೊಂಡು ಹೋದ. ಹೊರಗೆ ಕಾವಲುಗಾರ, "ಸುಶಾಂತಪ್ಪ, ಊಟ ಇಲ್ಲೇ ಅದಲ್ರಿ ಇವತ್ತ," ಎಂದದ್ದು ಕೇಳಿಸಿತು.

ಮುಂದಿನ ಕಂತೂ ಎತ್ತರವಾಗಿಯೇ ಬಂತು. ಅದರ ಮುಂದಿನದೂ ಹಾಗೆಯೇ ಬಂತು. ಆಮೇಲೆ ವರಾಂಡದಲ್ಲಿ ಎಲೆ ಹಾಕಿದರು. ಜೋಳದ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಹಿಂಡಿ, ಗಟ್ಟಿ ಮೊಸರು. ಐದು ಎಲೆ ಹಾಕಿದ್ದರು. ನಾಲ್ಕು ಜನ ಕೂತರು.

"ನಿಮ್ಮ ಆ ಹುಡುಗ?" ಅಧ್ಯಕ್ಷರು ಖಾಲಿ ಎಲೆ ನೋಡಿ ಕೇಳಿದರು.

"ಬರ್ತಾನ್ರಿ," ಎಂದಳು ಜಯಮಾಲಾ. "ನೀವು ಶುರು ಮಾಡ್ರಿ."

ಅವನು ಅಂದು ಬರಲಿಲ್ಲ. ಮರುದಿನವೂ ಬರಲಿಲ್ಲ. ಎರಡು ಓಣಿ ದಾಟಿದರೆ ಅವನ ಮನೆ. ಜಯಮಾಲಾ ಅಲ್ಲಿಗೆ ಹೋಗಲಿಲ್ಲ.